ಮನೆಯ ಟಿವಿಯಲ್ಲಿ ಗಬ್ಬರ್‌ನ ಬೆಟ್ಟ ಮಸುಕೇಕೆ?

ಪ್ರಶ್ನೆ: ರಾಮನಗರದ ಬಂಡೆಗಳು ಎದುರಿಗೆ ಎಷ್ಟು ಚೆನ್ನಾಗಿವೆ! ನಮ್ಮಲ್ಲಿರುವ ‘ಶೋಲೆ’ ವಿಸಿಡಿಯಲ್ಲಿ ಮಾತ್ರ ಮಸುಕಾಗಿ ಕಾಣುತ್ತವೆ. ಏಕೆ?
– ಓದುಗರು, ಚನ್ನಪಟ್ಟಣ

ಉತ್ತರ: ಮೊದಲ ಕಾರಣ ವಿಸಿಡಿಯೇ. ಅದರ ಚಿತ್ರದಲ್ಲಿರುವುದು ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿಗಳಷ್ಟೇ. ‘ಶೋಲೆ’ ಚಿತ್ರೀಕರಣವಾದ ರಾಮನಗರದ ರಾಮದೇವರ ಬೆಟ್ಟದ ಬಂಡೆಯ ಬಿರುಕು, ಕುರುಚಲು ಗಿಡ, ಕುದುರೆ ಎಬ್ಬಿಸಿದ ಧೂಳು ಎಲ್ಲವೂ ಕಲಸಿಹೋಗಿ ಕಂದು ಚೌಕಗಳಾಗುತ್ತವೆ. ಡಿವಿಡಿಯಲ್ಲಿ ಚುಕ್ಕಿಗಳು 720×576, ಬ್ಲೂ-ರೇಯಲ್ಲಿ 1920×1080.

ಆದರೆ ಚುಕ್ಕಿ ಹೆಚ್ಚಿದರಷ್ಟೇ ಸಾಲದು. ಡಿಸ್ಕಿಗೆ ಇಳಿಸಿದ ರೀಲೂ ಚೆನ್ನಾಗಿರಬೇಕು. ಸವೆದ ಪ್ರಿಂಟಿನಿಂದ ಮಾಡಿದ ಬ್ಲೂ-ರೇ ಗೀರುಗಳನ್ನೇ ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. 1975ರ ‘ಶೋಲೆ’ಯನ್ನು 35 ಎಂ.ಎಂ.ನಲ್ಲಿ ಚಿತ್ರೀಕರಿಸಿ 70 ಎಂ.ಎಂ.ಗೆ ಹಿಗ್ಗಿಸಲಾಗಿತ್ತು. ಆ 70 ಎಂ.ಎಂ. ಪ್ರಿಂಟುಗಳು ಉಳಿಯಲಿಲ್ಲ, ಮೂಲ ನೆಗೆಟಿವ್ ಕೂಡ ತೀರಾ ಹಾಳಾಗಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸಿಪ್ಪಿ ಫಿಲ್ಮ್ಸ್ ಸೇರಿ ಲಂಡನ್ ಮತ್ತು ಮುಂಬೈಯಲ್ಲಿ ಸಿಕ್ಕ ಹಳೆಯ ರೀಲುಗಳಿಂದ 4ಕೆ ಪ್ರತಿ ಸಿದ್ಧಪಡಿಸಿದವು. 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಅದು ಮೊದಲು ತೆರೆಕಂಡಿತು. ತುರ್ತುಪರಿಸ್ಥಿತಿಯ ವೇಳೆ ಸೆನ್ಸಾರ್ ಬದಲಾಯಿಸಿದ ಅಂತ್ಯವೂ ಅದರಲ್ಲಿ ಮೂಲದಂತೆಯೇ ಇದೆ: ಡಕಾಯಿತ ಗಬ್ಬರ್ ಸಾಯುವುದು ಎರಡೂ ಕೈ ಕಳೆದುಕೊಂಡ ಠಾಕೂರ್ ಕೈಯಲ್ಲೇ, ಅಲ್ಲ, ಕಾಲಲ್ಲೇ!

‘ಶೋಲೆ’ಯಂಥ ಯಾವುದೇ ವೆಸ್ಟರ್ನ್ ಶೈಲಿಯ ಸಿನಿಮಾದ ಡಿಸ್ಕ್ ಕೊಳ್ಳುವಾಗ ಯಾವ ರೀಲಿನಿಂದ ಮಾಡಿದ್ದು ಎಂದು ಕವರಿನ ಹಿಂದೆ ಓದಿ. ಟಿವಿಯ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಝೂಮ್ ಒತ್ತಬೇಡಿ. ಒತ್ತಿದರೆ ಅಕ್ಕಪಕ್ಕದ ಬೆಟ್ಟವೇ ಕತ್ತರಿಸಿ ಹೋಗುತ್ತದೆ.