ಮಗುಕೇಂದ್ರಿತ ಶಿಕ್ಷಣ: ಶಾಲೆಯಲ್ಲಿ ಹೇಗೆ, ಮನೆಯಲ್ಲಿ ಹೇಗೆ?

ಮಗುವಿಗೆ ಮೂರು ವರ್ಷ ತುಂಬುತ್ತಿದ್ದಂತೆ ಯಾವ ಶಾಲೆಗೆ ಸೇರಿಸಬೇಕು ಎಂಬ ಚರ್ಚೆ ಮನೆಮನೆಯಲ್ಲೂ ಶುರುವಾಗುತ್ತದೆ. ಪಕ್ಕದ ಮನೆಯ ಮಗು ಎ ಬಿ ಸಿ ಡಿ ಪೂರ್ತಿ ಬರೆಯುತ್ತದೆ, ನಮ್ಮ ಮಗುವಿನ ಶಾಲೆಯಲ್ಲಿ ಬರೀ ಆಟ ಆಡಿಸುತ್ತಾರೆ ಎಂದು ಚಿಂತಿಸುವ ತಂದೆತಾಯಿಯರು ಬಹಳ ಮಂದಿ. ಕೆಲವರು ವರ್ಷದ ಮಧ್ಯದಲ್ಲೇ ಶಾಲೆ ಬದಲಿಸುತ್ತಾರೆ. ಇನ್ನು ಕೆಲವರು ನಾಲ್ಕು ವರ್ಷದ ಕೂಸನ್ನು ಸಂಜೆ ಟ್ಯೂಷನ್‌ಗೆ ಕಳಿಸುತ್ತಾರೆ. ಹೀಗೆ ಶಾಲೆ ಒಂದು ಕಡೆ, ಮನೆ ಇನ್ನೊಂದು ಕಡೆ ಎಳೆದಾಗ ನಡುವೆ ಸಿಕ್ಕಿಕೊಳ್ಳುವುದು ಮಗು. ಆದ್ದರಿಂದ ‘ಮಗುಕೇಂದ್ರಿತ ಶಿಕ್ಷಣ’ ಎಂದರೆ ನಿಜವಾಗಿ ಏನು, ಅದರಲ್ಲಿ ಮನೆಯ ಪಾಲು ಎಷ್ಟು ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ.

ಮಗುಕೇಂದ್ರಿತ ಎಂದರೇನು?

ಮಗು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಈ ಮಗು ಈಗ ಯಾವ ಹಂತದಲ್ಲಿದೆ ಎಂದು ಗಮನಿಸಿ, ಅದಕ್ಕೆ ಮುಂದಿನ ಒಂದು ಹೆಜ್ಜೆಯನ್ನು ಒದಗಿಸುವುದೇ ಮಗುಕೇಂದ್ರಿತ ಶಿಕ್ಷಣ. ಇಲ್ಲಿ ನಿಯಮಗಳೂ ಇವೆ, ಶಿಸ್ತೂ ಇದೆ. ಆದರೆ ನಲವತ್ತು ಮಕ್ಕಳೂ ಒಂದೇ ದಿನ ಒಂದೇ ಅಕ್ಷರ ಕಲಿಯಲೇಬೇಕು ಎಂಬ ಒತ್ತಾಯ ಇಲ್ಲ.

ಇದು ಹೊಸ ಫ್ಯಾಷನ್ ಕೂಡ ಅಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಆಟದ ಮೂಲಕ ಕಲಿಸುವ ಸಂಸ್ಥೆಯನ್ನು ಆರಂಭಿಸಿ, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ‘ಮಕ್ಕಳ ತೋಟ’ ಎಂದು ಹೆಸರಿಟ್ಟರು. ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ‘ಮಕ್ಕಳ ಮನೆ’ ತೆರೆದರು. ಅವರು 1939ರಲ್ಲಿ ಮದರಾಸಿಗೆ ಬಂದು, ಮಹಾಯುದ್ಧದ ಕಾರಣ 1946ರವರೆಗೆ ಭಾರತದಲ್ಲೇ ಉಳಿದು ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅದಕ್ಕೂ ಮೊದಲೇ, ಗುಜರಾತಿನ ಭಾವನಗರದಲ್ಲಿ ವಕೀಲಿ ವೃತ್ತಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಸ್ಥಾಪಿಸಿದ್ದರು. ಕಥೆ, ಹಾಡು, ಆಟ, ತೋಟದ ಕೆಲಸಗಳ ಮೂಲಕ ಕಲಿಸಬಹುದು ಎಂದು ಅವರು ಮಾಡಿ ತೋರಿಸಿದರು.

ಇಂದು ಇದು ಕಾನೂನಿನ ಮಾತೂ ಹೌದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ, ಕಲಿಕೆಯು ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ, ಮಗುಸ್ನೇಹಿ ಹಾಗೂ ಮಗುಕೇಂದ್ರಿತವಾಗಿ ನಡೆಯಬೇಕು ಎನ್ನುತ್ತದೆ. 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಅವಧಿಯನ್ನು ಒಂದೇ ‘ಬುನಾದಿ ಹಂತ’ ಎಂದು ಪರಿಗಣಿಸಿ, ಆಟ ಮತ್ತು ಚಟುವಟಿಕೆಗಳ ಮೂಲಕ ಕಲಿಸಲು ಹೇಳಿದೆ.

ನಮ್ಮದೇ ನಾಡಿನ ಉದಾಹರಣೆ: ನಲಿ-ಕಲಿ

ಇಂಥ ಕಲಿಕೆ ದೊಡ್ಡ ಫೀಸಿನ ಶಾಲೆಗಳಿಗೆ ಮಾತ್ರ ಸಾಧ್ಯ ಎಂದುಕೊಳ್ಳಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ಯುನಿಸೆಫ್ ನೆರವಿನೊಂದಿಗೆ ನಲಿ-ಕಲಿ ಆರಂಭವಾಯಿತು. ಆಂಧ್ರದ ಋಷಿವ್ಯಾಲಿ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಪ್ರಯೋಗವನ್ನು ನೋಡಿ ಬಂದ ಶಿಕ್ಷಕರೇ ಇದನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ರೂಪಿಸಿದರು. 2009-10ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು.

ನಲಿ-ಕಲಿ ಕೊಠಡಿಯಲ್ಲಿ ಬೆಂಚುಗಳ ಸಾಲು ಇರುವುದಿಲ್ಲ. ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಸ್ವಲ್ಪ ನೆರವು, ಮತ್ತೆ ಕೆಲವು ಗುಂಪುಗಳಿಗೆ ಸಹಪಾಠಿಗಳ ನೆರವು. ಒಂದು ಗುಂಪು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ‘ಕಲಿಕಾ ಏಣಿ’ ಇರುತ್ತದೆ. ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂದು ಮಗು ಅದರಲ್ಲಿ ನೋಡಿಕೊಂಡು, ಅದಕ್ಕೆ ಸರಿಯಾದ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ. ಮಕ್ಕಳ ಚಿತ್ರಗಳನ್ನು ತೂಗುಹಾಕಲು ಮೇಲೆ ದಾರ ಕಟ್ಟಿದ ‘ಚಪ್ಪರ’, ಬರೆಯಲು ಮಕ್ಕಳ ಕೈಗೆ ಎಟುಕುವಷ್ಟು ಕೆಳಗೆ ಕಪ್ಪು ಹಲಗೆ. ಜ್ವರ ಬಂದು ಹತ್ತು ದಿನ ಶಾಲೆ ತಪ್ಪಿಸಿದ ಮಗು, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು.

ಅಕ್ಷರ ಕಲಿಸುವ ಕ್ರಮವೂ ಬೇರೆ. ಅ, ಆ, ಇ, ಈ ಎಂದು ವರ್ಣಮಾಲೆಯನ್ನು ಸಾಲಾಗಿ ಹೇಳಿಸುವ ಬದಲು ಮೊದಲಿಗೆ ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಕಲಿಸುತ್ತಾರೆ. ಈ ಐದು ಬಂದರೆ ಸರ, ಅರಸ, ಅಗಸ, ಗರಗಸ ಇಷ್ಟನ್ನೂ ಮಗು ಓದಬಲ್ಲದು. ಐವತ್ತು ಅಕ್ಷರ ಮುಗಿಯುವವರೆಗೆ ಕಾಯದೆ, ಕೆಲವೇ ವಾರಗಳಲ್ಲಿ ‘ನನಗೆ ಓದಲು ಬರುತ್ತದೆ’ ಎಂಬ ಸಂತೋಷ ಅದಕ್ಕೆ ಸಿಗುತ್ತದೆ. ಮುಂದೆ ಓದುವ ಆಸೆಯನ್ನು ಉಳಿಸುವುದು ಈ ಸಂತೋಷವೇ.

ಪದ್ಧತಿ ಒಳ್ಳೆಯದಾದ ಮಾತ್ರಕ್ಕೆ ಎಲ್ಲ ಕಡೆ ಫಲ ಒಂದೇ ರೀತಿ ಇರುವುದಿಲ್ಲ. ಶಿಕ್ಷಕರು ಮಕ್ಕಳನ್ನು ಗಮನಿಸದೆ ಕಾರ್ಡು ಮುಗಿಸುವುದನ್ನೇ ಗುರಿ ಮಾಡಿಕೊಂಡರೆ ಅದೂ ಇನ್ನೊಂದು ಬಗೆಯ ಕಂಠಪಾಠವೇ ಆಗುತ್ತದೆ. ಮಾಂಟೆಸ್ಸರಿ ಎಂಬ ಬೋರ್ಡು ಹಾಕಿಕೊಂಡ ಶಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಬರವಣಿಗೆಗೆ ಅವಸರ ಏಕೆ ಬೇಡ?

ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟುವಾಗ ಇವು ಮೃದ್ವಸ್ಥಿಯಾಗಿದ್ದು, ಬಾಲ್ಯದುದ್ದಕ್ಕೂ ಒಂದೊಂದಾಗಿ ಗಟ್ಟಿಯಾಗುತ್ತವೆ. ಮೂರು ವರ್ಷದ ಮಗುವಿನಲ್ಲಿ ಇವುಗಳಲ್ಲಿ ಕೆಲವು ಮಾತ್ರ ಮೂಳೆಯಾಗಲು ಆರಂಭಿಸಿರುತ್ತವೆ. ಬೆರಳುಗಳ ಹಿಡಿತವೂ ಆಗತಾನೇ ಬಲಿಯುತ್ತಿರುತ್ತದೆ. ಅಂಥ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟಗಟ್ಟಲೆ ಬರೆಸಿದರೆ ಕೈ ನೋಯುತ್ತದೆ, ಅಕ್ಷರ ಎಂದರೆ ಬೇಸರ ಹುಟ್ಟುತ್ತದೆ. ಮಣ್ಣಿನಲ್ಲಿ ಆಡುವುದು, ಮಣಿ ಪೋಣಿಸುವುದು, ರಂಗೋಲಿ ಹಿಟ್ಟು ಉದುರಿಸುವುದು ಬರವಣಿಗೆಗೆ ಬೇಕಾದ ತಯಾರಿಯೇ. ನೋಡುವವರಿಗೆ ಅದು ಆಟದಂತೆ ಕಾಣುತ್ತದೆ ಅಷ್ಟೇ.

ಕೇಳಿ ಕಲಿಯುವ ಶಕ್ತಿ ಮಾತ್ರ ಈ ವಯಸ್ಸಿನಲ್ಲಿ ಅಪಾರ. ನಮ್ಮ ಮನೆಗಳಲ್ಲಿ ಮೂರು ವರ್ಷದ ಮಗು ಅಜ್ಜಿಯ ಪಕ್ಕ ಕುಳಿತು ಣಮೋಕಾರ ಮಂತ್ರವನ್ನು ತಪ್ಪಿಲ್ಲದೆ ಹೇಳುವುದನ್ನು ನೋಡಿದ್ದೇವೆ. ಅದನ್ನು ಯಾರೂ ಕಾಪಿ ಬರೆಸಿ ಕಲಿಸಿರುವುದಿಲ್ಲ. ದಿನವೂ ಕೇಳಿ, ಪ್ರೀತಿಯವರ ಜೊತೆ ಹೇಳಿ ಅದು ಬಂದಿರುತ್ತದೆ. ಭಾಷೆಯೂ ಲೆಕ್ಕವೂ ಹೀಗೆಯೇ ಬರುತ್ತವೆ.

ಮನೆಯಲ್ಲಿ ಏನು ಮಾಡಬಹುದು?

ದುಬಾರಿ ಆಟಿಕೆ ಬೇಕಿಲ್ಲ. ಅಡುಗೆಮನೆಯೇ ಒಳ್ಳೆಯ ಪಾಠಶಾಲೆ. ಹೆಸರುಕಾಳು ಮತ್ತು ಕಡಲೆಕಾಳನ್ನು ಬೆರೆಸಿಟ್ಟು ಬೇರ್ಪಡಿಸಲು ಹೇಳಿ. ಅವರೆಕಾಯಿ ಸುಲಿಯುವಾಗ ಜೊತೆಗೆ ಕೂರಿಸಿಕೊಳ್ಳಿ. ಚಪಾತಿ ಹಿಟ್ಟಿನ ಒಂದು ಉಂಡೆ ಅದರ ಕೈಗೆ ಕೊಡಿ. ಊಟಕ್ಕೆ ತಟ್ಟೆ ಇಡಲು ಹೇಳಿ: ಮನೆಯಲ್ಲಿ ಐದು ಜನ, ನಾಲ್ಕು ತಟ್ಟೆ ಇದ್ದರೆ ಇನ್ನೆಷ್ಟು ಬೇಕು? ಸಂಕಲನ ಹೀಗೆ ಶುರುವಾಗುತ್ತದೆ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಬಳಿ ಕಾಳು, ಮಣಿ ಇಡಬೇಡಿ. ದೊಡ್ಡ ಮಕ್ಕಳಿಗೂ ಎದುರಿಗೇ ಇದ್ದು ಮಾಡಿಸಿ.

ಮನೆಮಾತನ್ನು ಬಿಡಬೇಡಿ. ನಮ್ಮ ಸಮಾಜದಲ್ಲಿ ಕನ್ನಡ, ತುಳು, ಮರಾಠಿ, ಗುಜರಾತಿ, ಮಾರವಾಡಿ ಹೀಗೆ ಹಲವು ಮನೆಮಾತುಗಳಿವೆ. ಇಂಗ್ಲಿಷ್ ಬೇಗ ಬರಲಿ ಎಂದು ಅಜ್ಜ-ಅಜ್ಜಿಯೂ ಮಗುವಿನೊಡನೆ ಅರೆಬರೆ ಇಂಗ್ಲಿಷ್ ಮಾತಾಡುವ ಅಗತ್ಯವಿಲ್ಲ. ಮನೆಮಾತಿನಲ್ಲಿ ಕಥೆ ಕೇಳಿ ಬೆಳೆದ ಮಗುವಿಗೆ ಇನ್ನೊಂದು ಭಾಷೆಗೆ ಗಟ್ಟಿ ತಳಹದಿ ಇರುತ್ತದೆ. ಸಾಧ್ಯವಾದೆಡೆ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲೇ ಕಲಿಸಬೇಕು ಎಂದು 2020ರ ನೀತಿಯೂ ಹೇಳಿದೆ.

ಮೊಬೈಲ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಒಂದು ವರ್ಷದೊಳಗಿನವರಿಗೆ ಪರದೆ ಬೇಡವೇ ಬೇಡ. 3-4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಿಲ್ಲ, ಕಡಿಮೆಯಾದಷ್ಟೂ ಒಳ್ಳೆಯದು. ಅದೇ ವಯಸ್ಸಿಗೆ ದಿನಕ್ಕೆ ಮೂರು ಗಂಟೆ ಓಡಾಟ, ಆಟ. 10ರಿಂದ 13 ಗಂಟೆ ನಿದ್ದೆ.

ಮಗುವನ್ನು ಗಮನಿಸುವುದರಿಂದ ಇನ್ನೊಂದು ದೊಡ್ಡ ಲಾಭವಿದೆ. ಕರೆದರೆ ತಿರುಗದ, ಪುಸ್ತಕವನ್ನು ತೀರಾ ಕಣ್ಣಿನ ಹತ್ತಿರ ಹಿಡಿಯುವ, ಓರಗೆಯವರಿಗಿಂತ ಮಾತು ಬಹಳ ಹಿಂದುಳಿದ ಮಗುವನ್ನು ‘ಸೋಮಾರಿ’ ಎಂದು ಬೈದು ವರ್ಷ ಕಳೆಯುವ ಬದಲು ಬೇಗ ವೈದ್ಯರಿಗೆ ತೋರಿಸಬಹುದು. ಕಿವಿ, ಕಣ್ಣಿನ ದೋಷ ಬೇಗ ಗೊತ್ತಾದಷ್ಟೂ ಕಲಿಕೆಗೆ ಆಗುವ ನಷ್ಟ ಕಡಿಮೆ.

ಶಾಲೆ ಆರಿಸುವಾಗ

ಕಟ್ಟಡ, ಬಸ್ಸು, ಸಮವಸ್ತ್ರ ನೋಡುವ ಮೊದಲು ತರಗತಿ ನಡೆಯುವಾಗ ಅರ್ಧ ಗಂಟೆ ನೋಡಲು ಅವಕಾಶ ಕೇಳಿ. ಮಕ್ಕಳು ಮಾತಾಡುತ್ತಿದ್ದಾರೆಯೇ? ಶಿಕ್ಷಕರು ಮಗುವಿನ ಎತ್ತರಕ್ಕೆ ಬಗ್ಗಿ ಮಾತಾಡುತ್ತಾರೆಯೇ? ಸಾಮಾನು ಕಪಾಟಿನಲ್ಲಿ ಬೀಗದೊಳಗಿದೆಯೋ, ಮಕ್ಕಳ ಕೈಗೆ ಸಿಗುವಂತಿದೆಯೋ? ಗೋಡೆಯ ಚಿತ್ರಗಳೆಲ್ಲ ಒಂದೇ ಅಚ್ಚಿನಂತಿವೆಯೋ, ಪ್ರತಿಯೊಂದೂ ಬೇರೆ ಬೇರೆಯೋ? ಅಳುವ ಮಗುವನ್ನು ಹೇಗೆ ಸಮಾಧಾನ ಮಾಡುತ್ತಾರೆ? ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳು? ಈ ಪ್ರಶ್ನೆಗಳ ಉತ್ತರ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಸೇರಿಸಿದ ಮೇಲೆ ಶಾಲೆಗೂ ಮಗುವಿಗೂ ಸಮಯ ಕೊಡಿ. ಸಂಜೆ ಬಂದ ಕೂಡಲೇ ‘ಇವತ್ತು ಏನು ಬರೆಸಿದರು?’ ಎಂದು ಕೇಳುವ ಬದಲು ‘ಯಾರ ಜೊತೆ ಆಡಿದೆ? ಯಾವ ಕಥೆ ಹೇಳಿದರು?’ ಎಂದು ಕೇಳಿ. ತಿಂಗಳಿಗೊಮ್ಮೆ ಶಿಕ್ಷಕಿಯನ್ನು ಕಂಡು, ಮಗು ಈಗ ಯಾವ ಹಂತದಲ್ಲಿದೆ, ಮನೆಯಲ್ಲಿ ನಾವೇನು ಮಾಡಬಹುದು ಎಂದು ವಿಚಾರಿಸಿ. ಬೇರೆ ಮಕ್ಕಳೊಡನೆ ಹೋಲಿಸಬೇಡಿ. ಮೂರು ತಿಂಗಳ ಹಿಂದೆ ನಿಮ್ಮ ಮಗುವಿಗೆ ಏನು ಬರುತ್ತಿರಲಿಲ್ಲ, ಈಗ ಏನು ಬರುತ್ತದೆ ಎಂದು ನೋಡಿ. ಎಂಟು ವರ್ಷದೊಳಗೆ ಬೇಕಾಗಿರುವ ಪ್ರಗತಿ ಪತ್ರ ಅಷ್ಟೇ.