ಸೆಲ್ಲಿಲ್ಲದ ಕಾಲದಲ್ಲಿ ಹುಟ್ಟಿದ ಟಾರ್ಚ್

ಹಿಟ್ಲರನ ಸೈನ್ಯ ನೆದರ್ಲೆಂಡ್ಸನ್ನು ಆಕ್ರಮಿಸಿಕೊಂಡದ್ದು 1940ರ ಮೇ ತಿಂಗಳಲ್ಲಿ. ಬಾಂಬರ್ ವಿಮಾನಗಳ ಕಣ್ಣಿಗೆ ಊರು ಬೀಳಬಾರದೆಂದು ಬೀದಿದೀಪಗಳು ಆರಿದವು, ಮನೆಗಳ ಕಿಟಕಿಗೆ ಕಪ್ಪು ಪರದೆ ಬಿತ್ತು. ಟಾರ್ಚ್ ಹಿಡಿದು ಓಡಾಡೋಣವೆಂದರೆ ಅಂಗಡಿಗಳಲ್ಲಿ ಸೆಲ್ಲಿಗೆ ಬರ. ಐಂಡ್‌ಹೋವನ್ನಿನ ಫಿಲಿಪ್ಸ್ ಕಂಪನಿಯ, ಸೆಲ್ಲೇ ಬೇಡದ ಡೈನಮೊ ಟಾರ್ಚ್ ಡಚ್ಚರ ಜೇಬು ಸೇರಿದ್ದು ಆಗ.

ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ, ಪಕ್ಕದಲ್ಲೊಂದು ಲಿವರ್. ನಾಲ್ಕೂ ಬೆರಳು ಸೇರಿಸಿ ಅದನ್ನು ಹಿಸುಕಿದರೆ ಒಳಗಿನ ಹಲ್ಲುಚಕ್ರಗಳು ತಿರುಗಿ, ತಂತಿ ಸುರುಳಿಯ ಬಳಿ ಅಯಸ್ಕಾಂತ ಗಿರ್ರನೆ ಸುತ್ತುತ್ತದೆ, ಬಲ್ಬು ಹೊತ್ತಿಕೊಳ್ಳುತ್ತದೆ. ಬೆರಳು ಸಡಿಲಿಸಿದಾಗ ಸ್ಪ್ರಿಂಗು ಲಿವರನ್ನು ಹಿಂದಕ್ಕೆ ತಳ್ಳುತ್ತದೆ. ಅಷ್ಟರಲ್ಲಿ ಚಕ್ರ ತನ್ನ ಓಟದಲ್ಲೇ ಇರುವುದರಿಂದ ಬೆಳಕು ಆರುವುದಿಲ್ಲ. ಕೈ ಪೂರ್ತಿ ನಿಂತರೆ ಮಾತ್ರ ಕ್ಷಣದಲ್ಲೇ ಕತ್ತಲೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವವೇ ಇಲ್ಲಿರುವುದು. ನಮ್ಮ ಸೈಕಲ್ಲುಗಳ ಟೈರಿಗೆ ಒತ್ತಿಕೊಂಡು ತಿರುಗುತ್ತಿದ್ದ ಡೈನಮೊ ಕೂಡ ಇದೇ ಕುಲದ್ದು.

ಈ ಟಾರ್ಚುಗಳಲ್ಲಿ ಕೆಲವು ತಯಾರಾದದ್ದು ವುಖ್ಟ್ ಎಂಬಲ್ಲಿನ ನಾಜಿ ಸೆರೆಶಿಬಿರದಲ್ಲಿ. ಅಲ್ಲಿ 1943ರಲ್ಲಿ ಫಿಲಿಪ್ಸ್ ಕಾರ್ಯಾಗಾರ ತೆರೆದಿತ್ತು. ಅದರಲ್ಲಿ ದುಡಿಯುತ್ತಿದ್ದ ಕೈದಿಗಳಿಗೆ ಕಂಪನಿಯ ಕಡೆಯಿಂದ ದಿನಕ್ಕೊಂದು ಬಿಸಿಯೂಟ ಸಿಗುತ್ತಿತ್ತು, ಗಡೀಪಾರಿನ ಪಟ್ಟಿಯಿಂದ ಒಂದಷ್ಟು ಕಾಲ ರಕ್ಷಣೆಯೂ ಸಿಗುತ್ತಿತ್ತು. ಕೊನೆಗೆ ಅಲ್ಲಿನ ಯಹೂದಿ ಕೈದಿಗಳನ್ನೂ ಆಶ್‌ವಿಟ್ಸ್ ಮರಣಶಿಬಿರಕ್ಕೆ ಸಾಗಿಸಿದರು. ಆದರೂ ಅವರಲ್ಲಿ 382 ಮಂದಿ ಬದುಕುಳಿದರು. ಇದಕ್ಕಾಗಿ, ಯುದ್ಧಕಾಲದಲ್ಲಿ ಕಂಪನಿಯನ್ನು ನಡೆಸುತ್ತಿದ್ದ ಫ್ರಿಟ್ಸ್ ಫಿಲಿಪ್ಸ್ ಅವರನ್ನು ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ 1996ರಲ್ಲಿ ಗೌರವಿಸಿತು. ಕೈಯಲ್ಲಿ ತಿರುಗುವ ಪುಟ್ಟ ಯಂತ್ರವೊಂದರ ಕಥೆ ಇಷ್ಟು ದೂರ ಹೋಗುತ್ತದೆಂದು ಯಾರೂ ಎಣಿಸುವುದಿಲ್ಲ.

ಯುದ್ಧ ಮುಗಿದು ಸೆಲ್ಲು ಅಗ್ಗವಾದ ಮೇಲೆ ಇಂಥ ಟಾರ್ಚುಗಳು ಮೂಲೆ ಸೇರಿದವು.

ಅವುಗಳ ಎರಡನೇ ಜನ್ಮಕ್ಕೆ ಕಾರಣವಾದದ್ದು ಒಂದು ರೇಡಿಯೊ. ಆಫ್ರಿಕಾದಲ್ಲಿ ಏಡ್ಸ್ ಹರಡುತ್ತಿದ್ದ ಕುರಿತ ಸಾಕ್ಷ್ಯಚಿತ್ರವನ್ನು ಬ್ರಿಟಿಷ್ ಸಂಶೋಧಕ ಟ್ರೆವರ್ ಬೇಲಿಸ್ 1991ರಲ್ಲಿ ನೋಡಿದರು. ಆರೋಗ್ಯದ ಮಾಹಿತಿ ಮುಟ್ಟಿಸಲು ರೇಡಿಯೊ ಬೇಕು, ಆದರೆ ಸೆಲ್ಲು ಕೊಳ್ಳಲು ಜನರ ಬಳಿ ದುಡ್ಡಿಲ್ಲ. ಹಿಡಿ ತಿರುಗಿಸಿ ಸ್ಪ್ರಿಂಗು ಬಿಗಿದರೆ ಹಾಡುವ ರೇಡಿಯೊವನ್ನು ಅವರು ಕಟ್ಟಿದರು; ಮೊದಲ ಮಾದರಿ ನುಡಿದದ್ದು 14 ನಿಮಿಷ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಅಂಗವಿಕಲರೂ ಸೇರಿ ಅದನ್ನು ತಯಾರಿಸಿದರು. ಮುಂದೆ ಫ್ರೀಪ್ಲೇ ಹೆಸರಿನಲ್ಲಿ ಟಾರ್ಚುಗಳೂ ಬಂದವು. ಸ್ಪ್ರಿಂಗಿನ ಜಾಗವನ್ನು ರೀಚಾರ್ಜ್ ಬ್ಯಾಟರಿ ಹಿಡಿಯಿತು. ಈ ನಡುವೆ, 1996ರಲ್ಲಿ, ಜಪಾನಿನ ನಿಚಿಯಾ ಕಂಪನಿ ಬಿಳಿ ಎಲ್‌ಇಡಿ ಹೊರತಂದಿತು. ಹಳೆಯ ಬಲ್ಬು ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಕಳೆಯುತ್ತಿತ್ತು. ಎಲ್‌ಇಡಿ ಬಂದ ಮೇಲೆ ತೋಳಿನ ಶ್ರಮಕ್ಕೆ ನ್ಯಾಯ ಸಿಕ್ಕಿತು.

ಲೆಕ್ಕ ಹೀಗಿದೆ. ಸಣ್ಣ ಹಿಡಿ ತಿರುಗಿಸಿದರೆ ಎರಡು ವ್ಯಾಟ್‌ನಷ್ಟು ಸಿಗುತ್ತದೆ ಎನ್ನೋಣ. ಒಂದು ನಿಮಿಷಕ್ಕೆ 120 ಜೂಲ್. ಅರ್ಧ ನಷ್ಟವಾದರೂ 60 ಉಳಿಯುತ್ತದೆ. 0.1 ವ್ಯಾಟಿನ ಎಲ್‌ಇಡಿ ಅಷ್ಟರಲ್ಲಿ ಹತ್ತು ನಿಮಿಷ ಉರಿಯುತ್ತದೆ. ಮೀಟರ್ ಪೆಟ್ಟಿಗೆ ನೋಡಲು, ಹಟ್ಟಿಗೆ ಹೋಗಿಬರಲು ಇದು ಸಾಕು. ಮೊಬೈಲ್ ಚಾರ್ಜ್ ಮಾಡಬಹುದೆಂಬ ಜಾಹೀರಾತನ್ನು ಮಾತ್ರ ನಂಬಿ ಕೊಳ್ಳಬಾರದು: 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್‌ಅವರ್ ಹಿಡಿಸುತ್ತದೆ. ಎರಡು ವ್ಯಾಟಿನಲ್ಲಿ ಅದನ್ನು ತುಂಬಿಸಲು, ಏನೂ ನಷ್ಟವಾಗದಿದ್ದರೂ, ಒಂಬತ್ತೂವರೆ ಗಂಟೆ ತಿರುಗಿಸಬೇಕು. ಒಂದು ತುರ್ತು ಕರೆಗೆ ಸಾಕಾಗುವಷ್ಟು ಸಿಕ್ಕರೆ ಅದೇ ದೊಡ್ಡದು.

ಕೊಳ್ಳುವಾಗ ನೋಡಬೇಕಾದದ್ದು ಎಷ್ಟು ಎಲ್‌ಇಡಿ ಇವೆ ಎಂಬುದನ್ನಲ್ಲ, ಒಳಗೆ ವಿದ್ಯುತ್ತು ಎಲ್ಲಿ ಉಳಿಯುತ್ತದೆ ಎಂಬುದನ್ನು. ಹಿಸುಕುವ ಹಳೆಯ ಟಾರ್ಚು ಏನನ್ನೂ ಕೂಡಿಡುತ್ತಿರಲಿಲ್ಲ, ಹಾಗಾಗಿ ಅದರಲ್ಲಿ ಹಳಸುವಂಥ ಬ್ಯಾಟರಿಯೂ ಇರಲಿಲ್ಲ. ಈಗಿನದರಲ್ಲಿ ಮೊದಲು ಸಾಯುವುದೇ ಬ್ಯಾಟರಿ. ಅತಿ ಅಗ್ಗದ ಕೆಲವು ಟಾರ್ಚುಗಳಲ್ಲಿ ರೀಚಾರ್ಜ್ ಆಗದ ಬಟನ್ ಸೆಲ್ ಹಾಕಿರುತ್ತಾರೆ. ತಂದ ದಿನ ಪ್ರಖರ ಬೆಳಕು, ಸೆಲ್ಲು ಮುಗಿದ ಮೇಲೆ ಎಷ್ಟು ತಿರುಗಿಸಿದರೂ ವ್ಯರ್ಥ. ಇದು ಕಷ್ಟಕಾಲಕ್ಕೆಂದು ಕೊಂಡವರಿಗೆ ಮಾಡುವ ಶುದ್ಧ ಮೋಸ. ಸೆಲ್ಲಿನ ಮೇಲೆ ಸಿಆರ್2032 ಎಂದಿದ್ದರೆ ಅದು ರೀಚಾರ್ಜ್ ಆಗುವುದಿಲ್ಲ, ಎಲ್‌ಐಆರ್2032 ಆಗುತ್ತದೆ. ಸ್ಕ್ರೂ ಬಿಚ್ಚಿ ಸೆಲ್ ಬದಲಿಸಲು ಬರುವ ಮಾದರಿಯೇ ಮೇಲು. ಸೂಪರ್ ಕೆಪಾಸಿಟರ್ ಇರುವುದು ವರ್ಷಾನುಗಟ್ಟಲೆ ಬಾಳುತ್ತದೆ, ಆದರೆ ತುಂಬಿದ್ದು ಬೇಗ ಸೋರಿಹೋಗುತ್ತದೆ. ಹಿಡಿ ಉದ್ದವಿದ್ದಷ್ಟೂ ತಿರುಗಿಸಲು ಸಲೀಸು.

ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಮಲೆನಾಡು, ಕೊಡಗಿನ ಮನೆಗಳಲ್ಲಿ ಇಂಥದ್ದೊಂದು ಇರಲೇಬೇಕು. ಬಳಸುವುದಕ್ಕೂ ಒಂದು ಹದವಿದೆ. ಸೆಕೆಂಡಿಗೆ ಎರಡು ಸುತ್ತಿನಂತೆ ಒಂದೇ ಸಮನೆ ತಿರುಗಿಸಬೇಕು. ಅವಸರದಲ್ಲಿ ಜಗ್ಗಿದರೆ ಪ್ಲಾಸ್ಟಿಕ್ ಹಲ್ಲುಗಳು ಮುರಿಯುತ್ತವೆ. ಲಿಥಿಯಂ ಬ್ಯಾಟರಿ ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಕೆಡುತ್ತದೆ. ತಿಂಗಳಿಗೊಮ್ಮೆ ನಾಲ್ಕೈದು ನಿಮಿಷ ತಿರುಗಿಸಿ, ಒಮ್ಮೆ ಹೊತ್ತಿಸಿ ನೋಡಿ, ಒಲೆಯ ಬಿಸಿ ತಾಗದ ಕಡೆ ಇಟ್ಟರಾಯಿತು.