ಮಾತ್ರೆ ಮುಗಿದರೂ ತುರಿಕೆ, ಬಿಳಿ ಸೆರಗು ನಿಂತಿಲ್ಲವೇ?



ಸಭೆಯಲ್ಲಿ ಸಾಲ, ಉಳಿತಾಯದ ಲೆಕ್ಕ ಮುಗಿದ ಮೇಲೆ ನಮ್ಮ ಕಾರ್ಯಕರ್ತೆಯರನ್ನು ಪಕ್ಕಕ್ಕೆ ಕರೆದು ಕೆಲವರು ಕೇಳುವುದುಂಟು: "ಅಕ್ಕಾ, ಡಾಕ್ಟರ್ ಕೊಟ್ಟ ಮಾತ್ರೆ ಎಲ್ಲಾ ನುಂಗಿದೆ. ಆದ್ರೂ ತುರಿಕೆ, ವಾಸನೆ ಹೋಗಿಲ್ಲ, ಯಾಕೆ?" 'ಮೈ ಉಷ್ಣ' ಎಂದುಕೊಂಡು ಸುಮ್ಮನಿರುವವರೂ ಇದ್ದಾರೆ. ಇದು ಉಷ್ಣವೂ ಅಲ್ಲ, ಪಾಪದ ಫಲವೂ ಅಲ್ಲ. ಇದಕ್ಕೆ ಕಾರಣವಿದೆ, ಪರಿಹಾರವೂ ಇದೆ.

ಕಾರಣಗಳು

1. ಗಂಡನಿಗೆ ಚಿಕಿತ್ಸೆ ಆಗಿರುವುದಿಲ್ಲ. ಟ್ರೈಕೊಮೋನಾಸ್, ಕ್ಲಮೀಡಿಯಾ ಮುಂತಾದ ಲೈಂಗಿಕ ಸೋಂಕುಗಳು ಗಂಡಸರಲ್ಲಿ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. "ನನಗೇನೂ ಆಗಿಲ್ಲ" ಅಂತ ಅವರು ಆಸ್ಪತ್ರೆಗೆ ಬರುವುದಿಲ್ಲ. ಹೆಂಡತಿ ಗುಣವಾಗುತ್ತಾಳೆ, ಅದೇ ಸೋಂಕು ಮತ್ತೆ ಅಂಟುತ್ತದೆ.

2. ಮಾತ್ರೆ ಅರ್ಧಕ್ಕೆ ನಿಂತಿರುತ್ತದೆ. 7 ದಿನದ ಮಾತ್ರೆಯನ್ನು ಮೂರನೇ ದಿನಕ್ಕೇ ಬಿಡುವುದು, ಗಂಡನ ಜೊತೆ ಹಂಚಿಕೊಳ್ಳುವುದು ಎರಡೂ ತಪ್ಪು.

3. ಒಂದು ಹೋಗಿ ಇನ್ನೊಂದು ಬಂದಿರುತ್ತದೆ. ಆ್ಯಂಟಿಬಯೋಟಿಕ್ ಮಾತ್ರೆ ಒಳಗಿನ ಒಳ್ಳೆಯ ಕ್ರಿಮಿಗಳನ್ನೂ ಕೊಲ್ಲುತ್ತದೆ. ಆಗ ಬೂಷ್ಟಿನ ಜಾತಿಯ ಸೋಂಕು ಬೆಳೆದು ಒಡೆದ ಮೊಸರಿನಂತಹ ಸೆರಗು, ವಿಪರೀತ ತುರಿಕೆ ಕಾಣಬಹುದು. ಮೀನಿನ ವಾಸನೆಯ ತೆಳು ಸೆರಗಾದರೆ ಅದು ಬೇರೆಯೇ ತೊಂದರೆ. ಅದು ಮರುಕಳಿಸುವುದು ಹೆಚ್ಚು. ಇವೆರಡಕ್ಕೂ ಔಷಧಿ ಬೇರೆ ಬೇರೆ. ಆದ್ದರಿಂದ ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ಕೊಳ್ಳಬೇಡಿ. ತುರಿಕೆ ಪದೇಪದೇ ಬಂದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿ.

4. ಸೋಪು, ಡೆಟ್ಟಾಲ್ ಹಾಕಿ ಒಳಗೆ ತೊಳೆಯುವುದು. ಇದರಿಂದ ಉರಿ ಹೆಚ್ಚುತ್ತದೆ. ಹೊರಗೆ ಮಾತ್ರ ನೀರಿನಿಂದ ತೊಳೆದರೆ ಸಾಕು.

ನಾವೇನು ಮಾಡಬೇಕು?

ಮಾತ್ರೆ ಮುಗಿದು ಒಂದು ವಾರವಾದರೂ ಗುಣ ಕಾಣದಿದ್ದರೆ ಮತ್ತೆ ಹೋಗಿ, ಒಳಪರೀಕ್ಷೆ ಮಾಡಿಸಿ. ಜಿಲ್ಲಾ ಆಸ್ಪತ್ರೆ ಮತ್ತು ಅನೇಕ ತಾಲ್ಲೂಕು ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಉಚಿತ. ಅಲ್ಲಿ ಲಕ್ಷಣಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣದ ಔಷಧಿ ಕಿಟ್ ಕೊಡುತ್ತಾರೆ. ಹಿಂದೆ ಕೊಟ್ಟಿದ್ದ ಕಿಟ್ ಅಥವಾ ಖಾಲಿ ಮಾತ್ರೆ ಹಾಳೆಯನ್ನು ಜೊತೆಗೆ ಒಯ್ಯಿರಿ. ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು. ಈ ಬಗ್ಗೆ ಮಾಹಿತಿಗೆ 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ಲೈಂಗಿಕ ಸೋಂಕೆಂದು ಡಾಕ್ಟರ್ ಹೇಳಿದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಇಬ್ಬರ ಚಿಕಿತ್ಸೆಯೂ ಮುಗಿದು ತೊಂದರೆ ಹೋಗುವ ತನಕ ದೂರವಿರಬೇಕು. ಯಾರಿಂದ ಬಂತು ಎಂಬ ಜಗಳದಲ್ಲಿ ಚಿಕಿತ್ಸೆ ನಿಲ್ಲಬಾರದು. ಗಂಡನಿಗೆ ಹೇಳಲು ಹೆದರಿಕೆಯಾದರೆ ಕ್ಲಿನಿಕ್‌ನ ಆಪ್ತಸಮಾಲೋಚಕರಿಗೆ ತಿಳಿಸಿ. ಗುಟ್ಟು ಕಾಪಾಡುವುದು ಅವರ ಕೆಲಸ.

ತಡ ಮಾಡಬೇಡಿ

ಕಿಬ್ಬೊಟ್ಟೆ ನೋವು, ಜ್ವರ ಇದ್ದರೆ, ಬಸುರಿಯಾಗಿದ್ದರೆ ಕೂಡಲೇ ಡಾಕ್ಟರನ್ನು ಕಾಣಿ. ಸೋಂಕು ಗರ್ಭಕೋಶಕ್ಕೆ ಏರಿದರೆ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು. ಕೂಡಿದ ಮೇಲೆ ಅಥವಾ ಮುಟ್ಟು ನಿಂತ ಮೇಲೆ ರಕ್ತ ಹೋದರೆ, ಕೆಟ್ಟ ವಾಸನೆಯ ಸೆರಗು ನಿಲ್ಲದಿದ್ದರೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಪರೀಕ್ಷೆ ಅಗತ್ಯ.

ಸಭೆಯಲ್ಲಿ ಚರ್ಚಿಸೋಣ

* ಈ ತೊಂದರೆ ಹೇಳಿಕೊಳ್ಳಲು ನಮಗೆ ನಾಚಿಕೆ ಯಾಕೆ?
* ಒಂಟಿಯಾಗಿ ಆಸ್ಪತ್ರೆಗೆ ಹೋಗಲು ಹೆದರುವ ಸದಸ್ಯೆಯ ಜೊತೆ ನಮ್ಮ ಸಂಘದಿಂದ ಯಾರು ಹೋಗಬಹುದು?